‘ಒಂದೆರಡು ಕಡೆ’ ಮಳೆ ಮತ್ತು ಕಡಲಿನ ಎಚ್ಚರಿಕೆ



ನಮ್ಮ ಪಟ್ಟನಾಯಕನಹಳ್ಳಿಯಿಂದ ಕಡಲು ಬಹಳ ದೂರ. ಮಂಗಳೂರಿಗೆ ಹೋಗಬೇಕಾದರೆ ಬಯಲು, ಮಲೆನಾಡು, ಘಟ್ಟ ಮೂರನ್ನೂ ದಾಟಬೇಕು. ಹೀಗಿರುವಾಗ ಬಯಲುಸೀಮೆಯ ಮೇಷ್ಟರೊಬ್ಬ ಕಡಲ ತೀರದ ಹವಾಮಾನ ಮುನ್ಸೂಚನೆಯ ಬಗೆಗೆ ಏಕೆ ಬರೆಯಬೇಕು ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ. ಅದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ. ಹೇಳಲು ನನಗೆ ಬಹಳ ವರ್ಷಗಳು ಬೇಕಾದವು.

ನನ್ನ ಬಾಲ್ಯದಲ್ಲಿ ನಮ್ಮ ಬೀದಿಗೆ ಒಂದೇ ರೇಡಿಯೋ ಇತ್ತು. ಸಂಜೆ ಬೆಂಗಳೂರು ಆಕಾಶವಾಣಿಯ ಪ್ರದೇಶ ಸಮಾಚಾರ ಬರುವ ವೇಳೆಗೆ ಹಿರಿಯರೆಲ್ಲ ಆ ಮನೆಯ ಜಗಲಿಯಲ್ಲಿ ಸೇರುತ್ತಿದ್ದರು. ವಾರ್ತೆಯ ಕೊನೆಯಲ್ಲಿ ಹವಾಮಾನ ವರದಿ. ಕರಾವಳಿಯ ಹೆಚ್ಚಿನ ಕಡೆ, ಉತ್ತರ ಒಳನಾಡಿನ ಕೆಲವು ಕಡೆ, ದಕ್ಷಿಣ ಒಳನಾಡಿನ ಒಂದೆರಡು ಕಡೆ ಮಳೆಯಾಗುವ ಸಂಭವವಿದೆ ಎಂಬ ಧಾಟಿಯ ಆ ಮಾತು ನಮಗೆಲ್ಲ ಬಾಯಿಪಾಠವಾಗಿತ್ತು. ನಮ್ಮ ತಾತ ಪ್ರತಿದಿನವೂ ಅದೇ ಪ್ರಶ್ನೆ ಕೇಳುತ್ತಿದ್ದರು: “ಆ ಒಂದೆರಡು ಕಡೆಯೊಳಗೆ ನಮ್ಮೂರು ಐತೇನಪ್ಪಾ?” ಎಲ್ಲರೂ ನಗುತ್ತಿದ್ದರು. ಆದರೆ ತಾತನ ಪ್ರಶ್ನೆ ಹಾಸ್ಯದ್ದಾಗಿರಲಿಲ್ಲ. ಕಡಲೆಕಾಯಿ ಬಿತ್ತನೆಯ ಬೀಜವನ್ನು ಗೋಣಿಚೀಲದಲ್ಲಿ ಕಟ್ಟಿಟ್ಟುಕೊಂಡು ಆಕಾಶ ನೋಡುತ್ತಿದ್ದ ಮನುಷ್ಯನ ಪ್ರಶ್ನೆ ಅದು.

ಆ ವರದಿಗೆ ಮೊದಲೂ ನಮ್ಮವರಿಗೆ ಮುನ್ಸೂಚನೆ ಇಲ್ಲದಿರಲಿಲ್ಲ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಗಳಿಗೆ ನಕ್ಷತ್ರಗಳ ಹೆಸರಿಟ್ಟು, ಯಾವ ಮಳೆಗೆ ಉಳುವುದು, ಯಾವ ಮಳೆಗೆ ಬಿತ್ತುವುದು ಎಂಬುದನ್ನು ಗೊತ್ತುಮಾಡಿಕೊಂಡಿದ್ದರು. ಇದು ಅನುಭವದ ಪಂಚಾಂಗ. ಸರಾಸರಿಯನ್ನು ಅದು ಬಲ್ಲದು. ಆದರೆ ನಾಳೆ ಏನಾಗುತ್ತದೆ ಎಂಬುದನ್ನು ಹೇಳಲಾರದು. ಸ್ವಾತಿ, ವಿಶಾಖ ಮಳೆಗಳ ಹೊತ್ತಿಗೆ, ಅಂದರೆ ಅಕ್ಟೋಬರ್ ಕೊನೆ ಮತ್ತು ನವೆಂಬರ್‌ನಲ್ಲಿ, ನಮ್ಮ ಸೀಮೆಯಲ್ಲಿ ಬಿಡದೆ ಸುರಿಯುವ ಜಡಿಮಳೆ ಎಲ್ಲಿಂದ ಬರುತ್ತದೆ ಎಂಬುದು ತಾತನಿಗೆ ತಿಳಿದಿರಲಿಲ್ಲ. ಅದು ಬಹುಮಟ್ಟಿಗೆ ಬಂಗಾಳ ಕೊಲ್ಲಿಯಲ್ಲಿ ಹುಟ್ಟುವ ವಾಯುಭಾರ ಕುಸಿತ ಮತ್ತು ಚಂಡಮಾರುತಗಳ ಕೊಡುಗೆ. ಕಡಲು ಕಾಣದ ನಮ್ಮೂರ ಕೆರೆಗಳಿಗೂ ಕಡಲಿಗೂ ಹೀಗೆ ನೇರ ಸಂಬಂಧವಿದೆ. ೨೦೨೧ರ ನವೆಂಬರ್‌ನಲ್ಲಿ ಇಂಥ ಕುಸಿತಗಳಿಂದಲೇ ದಕ್ಷಿಣ ಒಳನಾಡಿನ ಕೆರೆಗಳು ತುಂಬಿದವು. ಕೊಯ್ಲಿಗೆ ಬಂದ ರಾಗಿ ನೆಲಕಚ್ಚಿ ಹೊಲದಲ್ಲಿಯೇ ಮೊಳಕೆಯೊಡೆದದ್ದೂ ಆ ಮಳೆಯಿಂದಲೇ.

ಇನ್ನು ಇತಿಹಾಸಕ್ಕೆ ಬರೋಣ. ‘ಸೈಕ್ಲೋನ್’ ಎಂಬ ಇಂಗ್ಲಿಷ್ ಶಬ್ದ ಹುಟ್ಟಿದ್ದು ನಮ್ಮ ದೇಶದಲ್ಲಿ ಎಂಬುದು ನಿಮ್ಮಲ್ಲಿ ಹಲವರಿಗೆ ಹೊಸ ವಿಷಯವಾಗಿರಬಹುದು. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್‌ಟನ್ ಎಂಬಾತ ಬಿರುಗಾಳಿಗೆ ಸಿಕ್ಕಿದ ಹಡಗುಗಳ ದಿನಚರಿ ಪುಸ್ತಕಗಳನ್ನು ತರಿಸಿ, ಯಾವ ಹಡಗಿಗೆ ಯಾವ ದಿಕ್ಕಿನಿಂದ ಗಾಳಿ ಬೀಸಿತು ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿದ. ಗಾಳಿ ನೇರವಾಗಿ ನುಗ್ಗದೆ ಸುರುಳಿ ಸುತ್ತುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಹಾವಿನ ಸುರುಳಿಯನ್ನು ಸೂಚಿಸುವ ಗ್ರೀಕ್ ಮೂಲದಿಂದ ಆತ ಈ ಶಬ್ದವನ್ನು ರೂಪಿಸಿದ. ೧೮೪೮ರಲ್ಲಿ ನಾವಿಕರಿಗಾಗಿ ಒಂದು ಕೈಪಿಡಿಯನ್ನೂ ಪ್ರಕಟಿಸಿದ. ಕಲ್ಕತ್ತೆಯ ದಕ್ಷಿಣಕ್ಕೆ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರನ್ನು ಕಟ್ಟುವ ಯೋಜನೆ ಬಂದಾಗ, ಚಂಡಮಾರುತದ ಅಲೆಗೆ ಅದು ಉಳಿಯದು ಎಂದು ೧೮೫೩ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದ. ಯಾರೂ ಕಿವಿಗೊಡಲಿಲ್ಲ. ಕ್ಯಾನಿಂಗ್ ಬಂದರು ನಿರ್ಮಾಣವಾಯಿತು. ೧೮೬೭ರ ಚಂಡಮಾರುತದಲ್ಲಿ ಅದು ಹಾಳಾಯಿತು. ಪಿಡಿಂಗ್‌ಟನ್ ಅದನ್ನು ನೋಡಲು ಆಗ ಬದುಕಿರಲಿಲ್ಲ.

ಇದಕ್ಕೆ ಮೂರು ವರ್ಷ ಮೊದಲು, ೧೮೬೪ರ ಅಕ್ಟೋಬರ್ ೫ರಂದು, ಕಲ್ಕತ್ತೆಗೆ ಅಪ್ಪಳಿಸಿದ ಚಂಡಮಾರುತ ಮತ್ತು ಹೂಗ್ಲಿ ನದಿಯಲ್ಲಿ ಎದ್ದ ನೀರಿನ ಗೋಡೆ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡವು. ಆ ಪೆಟ್ಟಿನಿಂದ ಸರ್ಕಾರ ಎಚ್ಚೆತ್ತಿತು. ೧೮೬೫ರಲ್ಲಿ ಕಲ್ಕತ್ತಾ ಬಂದರಿಗೆ ಬಿರುಗಾಳಿಯ ಎಚ್ಚರಿಕೆ ನೀಡುವ ವ್ಯವಸ್ಥೆ ಆರಂಭವಾಯಿತು. ಆಗ ತಾನೇ ಹರಡಿದ್ದ ತಂತಿ ಇದಕ್ಕೆ ಆಧಾರ. ಬಿರುಗಾಳಿಗಿಂತ ತಂತಿಯ ಸುದ್ದಿ ವೇಗವಾಗಿ ಓಡಬಲ್ಲುದಾದ್ದರಿಂದಲೇ ‘ಮುನ್ನೆಚ್ಚರಿಕೆ’ ಎಂಬುದು ಸಾಧ್ಯವಾಯಿತು. ೧೮೬೬ರಲ್ಲಿ ಒರಿಸ್ಸಾದ ಭೀಕರ ಕ್ಷಾಮ ಬಂದಿತು. ಕಡಲ ಬಿರುಗಾಳಿ ಮತ್ತು ಒಳನಾಡಿನ ಬರ ಎರಡನ್ನೂ ಒಂದೇ ಕಚೇರಿ ಗಮನಿಸಬೇಕು ಎಂಬ ವಿಚಾರದಿಂದ ೧೮೭೫ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಹೆನ್ರಿ ಬ್ಲ್ಯಾನ್‌ಫರ್ಡ್ ಅದರ ಮೊದಲ ಮುಖ್ಯಸ್ಥ.

ಇಲಾಖೆ ಹುಟ್ಟಿದ ಮರುವರ್ಷವೇ ನಮ್ಮ ಮೈಸೂರು ಸಂಸ್ಥಾನಕ್ಕೆ ೧೮೭೬–೭೮ರ ಧಾತು–ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಂದಿತು. ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಭಾಗ ನಶಿಸಿತೆಂದು ಅಂದಾಜು. ತರಗತಿಯಲ್ಲಿ ಈ ಪಾಠ ಮಾಡುವಾಗ ನಿಮಗೆ ಹೇಳುತ್ತಿದ್ದೆ, ನೆನಪಿರಬಹುದು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್ ಅವರು ೧೮೯೦ರ ದಶಕದಲ್ಲಿ ಮೈಸೂರು ಸಂಸ್ಥಾನದ ಹವಾಮಾನ ವೀಕ್ಷಣೆಗೆ ಅಡಿಪಾಯ ಹಾಕಿದರು. ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳು ನಡೆದವು. ಚಿತ್ರದುರ್ಗ ನಮಗೆ ನೆರೆಯ ಜಿಲ್ಲೆ. ದಿನವೂ ಉಷ್ಣಮಾಪಕ ನೋಡಿ ಅಂಕಿ ಬರೆದಿಟ್ಟ ಆ ಕಾಲದ ನೌಕರರಿಂದಲೇ ನಮ್ಮ ಸೀಮೆಯ ಮಳೆಗೆ ಲೆಕ್ಕವೊಂದು ದೊರೆಯಿತು.

ಬಂದರುಗಳಲ್ಲಿ ಎಚ್ಚರಿಕೆಯನ್ನು ತಿಳಿಸುತ್ತಿದ್ದ ರೀತಿ ಸ್ವಾರಸ್ಯಕರವಾದದ್ದು. ಎತ್ತರದ ಕಂಬಕ್ಕೆ ಹಗಲಿನಲ್ಲಿ ಶಂಕು ಮತ್ತು ಉರುಳೆಯ ಆಕಾರದ ವಸ್ತುಗಳನ್ನು, ರಾತ್ರಿಯಲ್ಲಿ ಕೆಂಪು–ಬಿಳಿ ದೀಪಗಳನ್ನು ಏರಿಸುತ್ತಿದ್ದರು. ಒಟ್ಟು ೧೧ ಸಂಕೇತಗಳು. ಒಂದು ಮತ್ತು ಎರಡು ಎಂದರೆ ಬಿರುಗಾಳಿ ದೂರದ ಕಡಲಿನಲ್ಲಿದೆ ಎಂದರ್ಥ. ಮೂರು ಮತ್ತು ನಾಲ್ಕು ಎಂದರೆ ಬಂದರಿಗೇ ಅದರ ಬಾಧೆ ತಟ್ಟಬಹುದು. ಐದರಿಂದ ಏಳು ಅಪಾಯದ ಸಂಕೇತಗಳು, ಎಂಟರಿಂದ ಹತ್ತು ಮಹಾ ಅಪಾಯದವು. ಹನ್ನೊಂದನೆಯದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಎಚ್ಚರಿಕೆ ನೀಡುವ ಕೇಂದ್ರದೊಡನೆ ಸಂಪರ್ಕ ಕಡಿದುಹೋಗಿದೆ ಎಂಬುದೇ ಅದರ ಅರ್ಥ. ಸುದ್ದಿ ಬಾರದಿರುವುದನ್ನೇ ಎಲ್ಲಕ್ಕಿಂತ ಕಡೆಯ ಅಪಾಯವೆಂದು ಹಿಂದಿನವರು ಎಣಿಸಿದ್ದರು.

ಈ ಮಾತಿನ ಸತ್ಯ ನನಗೆ ತಿಳಿದದ್ದು ೧೯೭೭ರ ನವೆಂಬರ್‌ನಲ್ಲಿ. ನಾನಾಗ ಕಾಲೇಜಿನಲ್ಲಿ ಓದುತ್ತಿದ್ದೆ. ನವೆಂಬರ್ ೧೯ರಂದು ಆಂಧ್ರದ ಕೃಷ್ಣಾ ನದಿಯ ಮುಖದಲ್ಲಿರುವ ದಿವಿಸೀಮೆಗೆ ಚಂಡಮಾರುತ ಅಪ್ಪಳಿಸಿತು. ಐದಾರು ಮೀಟರ್ ಎತ್ತರಕ್ಕೆ ಎದ್ದ ಕಡಲು ಊರುಗಳ ಮೇಲೆ ನುಗ್ಗಿತು. ಹತ್ತು ಸಾವಿರದಷ್ಟು ಜನ ಸತ್ತರು. ನಮ್ಮ ಪಾವಗಡ, ಮಡಕಶಿರಾ ಕಡೆಯ ತೆಲುಗು ಬಲ್ಲ ಜನರ ಬಾಯಲ್ಲಿ ಬಹಳ ದಿನ ಅದೇ ಮಾತಾಗಿತ್ತು. ಗಾಳಿಗಿಂತ ನೀರು ಹೆಚ್ಚು ಕೊಂದಿತು ಎಂಬುದನ್ನು ಗಮನಿಸಬೇಕು. ಬಂಗಾಳ ಕೊಲ್ಲಿಯ ದಡದ ಬಳಿ ಕಡಲು ಆಳವಿಲ್ಲ. ಚಂಡಮಾರುತ ತಳ್ಳಿತಂದ ನೀರಿಗೆ ಕೆಳಗಿಳಿದು ಹಿಂದಿರುಗಲು ಎಡೆ ಸಾಲದೆ ಅದು ನೆಲದ ಮೇಲೆ ಏರುತ್ತದೆ.

ಇದರ ನಂತರ ಕೆಲಸ ಚುರುಕಾಯಿತು. ಪೂರ್ವ ಮತ್ತು ಪಶ್ಚಿಮ ತೀರಗಳಲ್ಲಿ ರೇಡಾರ್‌ಗಳು ನಿಂತವು. ೧೯೮೩ರಲ್ಲಿ ಇನ್ಸಾಟ್–೧ಬಿ ಉಪಗ್ರಹ ಮೇಲೇರಿತು. ಉಪಗ್ರಹದ ಮೂಲಕ ಕರಾವಳಿಯ ಊರುಗಳಲ್ಲಿಟ್ಟ ಧ್ವನಿ ಪೆಟ್ಟಿಗೆಗಳಿಗೆ ಸ್ಥಳೀಯ ಭಾಷೆಯಲ್ಲಿಯೇ ಎಚ್ಚರಿಕೆ ಕಳುಹಿಸುವ ಏರ್ಪಾಡು ಅದೇ ದಶಕದಲ್ಲಿ ಆಯಿತು. ಆದರೂ ೧೯೯೯ರ ಅಕ್ಟೋಬರ್ ೨೯ರಂದು ಒರಿಸ್ಸಾದ ಪಾರಾದೀಪ ಬಳಿ ನುಗ್ಗಿದ ಮಹಾ ಚಂಡಮಾರುತದಲ್ಲಿ ಮತ್ತೆ ಹತ್ತು ಸಾವಿರದ ಸಮೀಪ ಜನ ಸತ್ತರು. ಚಂಡಮಾರುತ ಬರುತ್ತದೆ ಎಂಬುದು ತಿಳಿದಿತ್ತು. ಆದರೆ ಜನ ಹೋಗಿ ನಿಲ್ಲಲು ಗಟ್ಟಿ ಕಟ್ಟಡಗಳು ಸಾಕಷ್ಟು ಇರಲಿಲ್ಲ. ಮನೆಮನೆಗೆ ಹೋಗಿ ಎಬ್ಬಿಸುವ ವ್ಯವಸ್ಥೆಯೂ ಇರಲಿಲ್ಲ. ಮುಂದಿನ ಹದಿನಾಲ್ಕು ವರ್ಷಗಳಲ್ಲಿ ಒಡಿಶಾ ಇವೆರಡನ್ನೂ ಮಾಡಿಕೊಂಡಿತು. ೨೦೧೩ರ ಅಕ್ಟೋಬರ್ ೧೨ರಂದು ಅದೇ ರಾಜ್ಯದ ಗೋಪಾಲಪುರದ ಬಳಿ ‘ಫೈಲಿನ್’ ಅಪ್ಪಳಿಸಿದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಸತ್ತವರ ಸಂಖ್ಯೆ ಹತ್ತುಗಳ ಲೆಕ್ಕದಲ್ಲಿ ಉಳಿಯಿತು. ಒಂದೇ ಕಡಲು, ಒಂದೇ ತೀರ, ಹೆಚ್ಚು ಕಡಿಮೆ ಒಂದೇ ತಿಂಗಳು. ಸ್ವಾತಂತ್ರ್ಯಾನಂತರದ ಭಾರತದ ಸಾಧನೆಗಳನ್ನು ಪಟ್ಟಿಮಾಡುವಾಗ ನಾವು ಅಣೆಕಟ್ಟು, ಉಕ್ಕಿನ ಕಾರ್ಖಾನೆಗಳನ್ನು ಹೇಳುತ್ತೇವೆ. ಈ ವ್ಯತ್ಯಾಸವನ್ನೂ ಅದರಲ್ಲಿ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ರಾಜ್ಯದ ಕಡಲು ಅರಬ್ಬೀ ಸಮುದ್ರ. ಬಂಗಾಳ ಕೊಲ್ಲಿಗೆ ಹೋಲಿಸಿದರೆ ಅಲ್ಲಿ ಚಂಡಮಾರುತಗಳು ಕಡಿಮೆ ಎಂದು ನಾನು ಪಾಠ ಹೇಳಿದ್ದೆ. ಲೆಕ್ಕದಲ್ಲಿ ಅದು ಸರಿಯೇ. ಆದರೆ ಆ ಕಡಲು ಈಚಿನ ದಶಕಗಳಲ್ಲಿ ಬಿಸಿಯಾಗುತ್ತಿದೆ. ಅಲ್ಲಿ ಬಲವಾದ ಚಂಡಮಾರುತಗಳು ಹೆಚ್ಚುತ್ತಿವೆ. ೨೦೧೭ರ ನವೆಂಬರ್ ಕೊನೆಯಲ್ಲಿ ‘ಒಖಿ’ ಚಂಡಮಾರುತ ಕನ್ಯಾಕುಮಾರಿಯ ಸಮೀಪ ಬಹು ಬೇಗ ಬಲಗೊಂಡಿತು. ತಮಿಳುನಾಡು, ಕೇರಳಗಳ ನೂರಾರು ಮೀನುಗಾರರು ಕಡಲಿನಲ್ಲಿಯೇ ಇಲ್ಲವಾದರು. ಅವರಲ್ಲಿ ಅನೇಕರು ಎಚ್ಚರಿಕೆ ಹೊರಡುವ ಮೊದಲೇ ಆಳಸಮುದ್ರಕ್ಕೆ ಹೋಗಿದ್ದವರು. ದಡ ಬಿಟ್ಟ ಮೇಲೆ ಮೊಬೈಲ್ ಫೋನಿಗೆ ಸಂಕೇತವಿಲ್ಲ. ಅದು ಹನ್ನೊಂದನೆಯ ಸಂಕೇತದ ಸ್ಥಿತಿ. ಇದಾದ ಮೇಲೆ ಉಪಗ್ರಹದ ಮೂಲಕ ದೋಣಿಗಳಿಗೆ ಸಂದೇಶ ಮುಟ್ಟಿಸುವ ಉಪಕರಣಗಳು ಬಂದವು. ಹೈದರಾಬಾದಿನ ‘ಇನ್‌ಕಾಯಿಸ್’ ಸಂಸ್ಥೆ ಅಲೆಗಳ ಎತ್ತರ, ಗಾಳಿ, ಪ್ರವಾಹಗಳ ಮುನ್ಸೂಚನೆಯನ್ನು ಪ್ರತಿದಿನ ನೀಡುತ್ತದೆ. ೨೦೦೪ರ ಡಿಸೆಂಬರ್ ೨೬ರ ಸುನಾಮಿಯ ನಂತರ, ೨೦೦೭ರಲ್ಲಿ, ಸುನಾಮಿ ಎಚ್ಚರಿಕೆಯ ಕೇಂದ್ರವೂ ಅಲ್ಲಿಯೇ ಆರಂಭವಾಯಿತು.

೨೦೨೧ರ ಮೇ ತಿಂಗಳಲ್ಲಿ ‘ತೌಕ್ತೆ’ ನಮ್ಮ ಕರಾವಳಿಯ ಪಕ್ಕದಲ್ಲಿಯೇ ಉತ್ತರಕ್ಕೆ ಸಾಗಿತು. ಉಳ್ಳಾಲದಿಂದ ಉತ್ತರಕ್ಕೆ ಹಲವೆಡೆ ಕಡಲು ಕೊರೆಯಿತು. ಮೂಲ್ಕಿಯ ಬಳಿ ಬಂಡೆಗಳ ನಡುವೆ ಸಿಲುಕಿದ್ದ ಟಗ್ ಒಂದರಿಂದ ೯ ಜನರನ್ನು ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆಯವರು ಪಾರುಮಾಡಿದರು. ಅದೇ ಚಂಡಮಾರುತದಲ್ಲಿ ಮುಂಬೈನ ಆಚೆ ತೈಲಕ್ಷೇತ್ರದ ಬಳಿಯಿದ್ದ ಪಿ–೩೦೫ ಎಂಬ ಬಾರ್ಜ್ ಮುಳುಗಿ ೭೦ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಎಚ್ಚರಿಕೆಗೆ ಕೊರತೆಯಿರಲಿಲ್ಲ, ದಿನಗಳ ಮುಂಚೆಯೇ ಬಂದಿತ್ತು. ಪಿಡಿಂಗ್‌ಟನ್ನನ ಪತ್ರದ ಕಥೆಯೇ ಇಲ್ಲಿಯೂ ನಡೆಯಿತು. ಹೇಳುವವನಿದ್ದರೆ ಸಾಲದು, ಕೇಳುವವನೂ ಬೇಕು.

ಇಂದು ಹವಾಮಾನ ಇಲಾಖೆ ಎಚ್ಚರಿಕೆಯನ್ನು ಬಣ್ಣಗಳಲ್ಲಿ ಹೇಳುತ್ತದೆ. ಹಸಿರು ಎಂದರೆ ಚಿಂತೆಯಿಲ್ಲ. ಹಳದಿ ಎಂದರೆ ಗಮನವಿಡಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ೨೪ ಗಂಟೆಗಳಲ್ಲಿ ೬೪.೫ ಮಿಲಿಮೀಟರಿನಿಂದ ‘ಭಾರಿ ಮಳೆ’, ೧೧೫.೬ರಿಂದ ‘ಅತಿ ಭಾರಿ’, ೨೦೪.೫ ಅಥವಾ ಅದಕ್ಕಿಂತ ಹೆಚ್ಚಾದರೆ ‘ಅತ್ಯಂತ ಭಾರಿ’ ಮಳೆ. ನಮ್ಮ ಶಿರಾ, ಪಾವಗಡ ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವುದು ಐನೂರು–ಆರುನೂರು ಮಿಲಿಮೀಟರ್. ಅಂದರೆ ನಮ್ಮ ವರ್ಷದ ಮಳೆಯ ಮೂರನೆಯ ಒಂದು ಭಾಗ ಕರಾವಳಿಯಲ್ಲಿ ಒಂದೇ ದಿನದಲ್ಲಿ ಸುರಿಯಬಲ್ಲದು. ಮಂಗಳೂರಿನ ಮಕ್ಕಳಿಗೆ ಮಳೆಯ ರಜೆ ಎಂಬ ಸುದ್ದಿ ಕೇಳಿ ನಮ್ಮ ಮಕ್ಕಳು ಹೊಟ್ಟೆಕಿಚ್ಚು ಪಡುತ್ತಿದ್ದರು. ಆ ರಜೆ ಸಂತೋಷಕ್ಕೆ ಕೊಡುವ ರಜೆಯಲ್ಲ.

ತಾತನ ಪ್ರಶ್ನೆಗೂ ಈಗ ಉತ್ತರ ದೊರೆತಿದೆ ಎನ್ನಬೇಕು. ೧೯೮೮ರಲ್ಲಿ ಕರ್ನಾಟಕದಲ್ಲಿ ಬರ ನಿರ್ವಹಣೆಗಾಗಿ ಒಂದು ಘಟಕ ಆರಂಭವಾಗಿ, ಮುಂದೆ ಅದೇ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಗ್ರಾಮ ಪಂಚಾಯಿತಿಗೊಂದರಂತೆ ತಾನಾಗಿಯೇ ಅಂಕಿ ಕಳುಹಿಸುವ ಮಳೆಮಾಪಕಗಳನ್ನು ಅದು ಸ್ಥಾಪಿಸಿತು. ‘ಒಂದೆರಡು ಕಡೆ’ ಎಂಬಲ್ಲಿ ನಮ್ಮೂರು ಇದೆಯೋ ಇಲ್ಲವೋ ಎಂದು ಕೇಳಲು ‘ವರುಣಮಿತ್ರ’ ಎಂಬ ಸಹಾಯವಾಣಿಯೂ ಬಂದಿತು. ತಾತ ಇದ್ದಿದ್ದರೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು.

ಇನ್ನು ಮೊದಲು ಮಾತುಕೊಟ್ಟಿದ್ದ ಸಂಗತಿ.

ತೊಂಬತ್ತರ ದಶಕದ ಒಂದು ಜನವರಿಯಲ್ಲಿ ಶಾಲೆಯ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಿದ್ದೆವು. ನಿಮ್ಮಲ್ಲಿ ಕೆಲವರು ಆ ಬಸ್ಸಿನಲ್ಲಿದ್ದಿರಿ. ಶೃಂಗೇರಿ, ಉಡುಪಿ ನೋಡಿಕೊಂಡು ಮಧ್ಯಾಹ್ನ ಮಲ್ಪೆಯ ಕಡಲ ತೀರಕ್ಕೆ ಬಂದೆವು. ಮಕ್ಕಳಲ್ಲಿ ಒಬ್ಬರೂ ಅದಕ್ಕೆ ಮೊದಲು ಕಡಲು ನೋಡಿರಲಿಲ್ಲ. ಕೆರೆಯೂ ತುಂಬಿದ್ದನ್ನು ನೋಡದ ಮಕ್ಕಳು ಅವರು. ಆಕಾಶ ತಿಳಿಯಾಗಿತ್ತು. ನಾನು ಮಾನ್ಸೂನ್ ಮಾರುತಗಳನ್ನು ವರ್ಷ ವರ್ಷವೂ ಪಾಠ ಮಾಡಿದ್ದ ಮೇಷ್ಟರು. ತೀರದುದ್ದಕ್ಕೂ ನೋಡಿ, ಅಲೆಗಳು ಬಿಳಿ ನೊರೆಯಾಗಿ ಒಡೆಯುತ್ತಿದ್ದ ಜಾಗಗಳನ್ನು ಬಿಟ್ಟು, ನೀರು ನಯವಾಗಿ ಶಾಂತವಾಗಿ ಕಾಣುತ್ತಿದ್ದ ಒಂದು ಜಾಗವನ್ನು ಆರಿಸಿದೆ. “ಇಲ್ಲಿ ಇಳೀರಿ, ಮೊಣಕಾಲು ದಾಟಬೇಡಿ” ಎಂದೆ.

ಸ್ವಲ್ಪ ದೂರದಲ್ಲಿ ಬಲೆ ಸರಿಮಾಡುತ್ತಿದ್ದ ಒಬ್ಬ ಹಿರಿಯ ಮೀನುಗಾರರು ಎದ್ದು ಓಡಿ ಬಂದರು. “ಮಕ್ಕಳನ್ನು ಮೇಲೆ ಕರೀರಿ ಮಾರಾಯ್ರೆ, ಅಲ್ಲಿ ನೀರು ಎಳೀತದೆ!” ಎಂದು ಕೂಗಿದರು. ನಾನು ತಿರುಗಿ ನೋಡುವಷ್ಟರಲ್ಲಿ ಒಬ್ಬ ಹುಡುಗ ಎದೆಮಟ್ಟದ ನೀರಿನಲ್ಲಿದ್ದ. ಮರುಕ್ಷಣ ತಲೆ ಮಾತ್ರ ಕಾಣುತ್ತಿತ್ತು. ಆ ಹಿರಿಯರ ಕಡೆಯ ಇಬ್ಬರು ತರುಣರು ಹಗ್ಗ ಹಿಡಿದು ನೀರಿಗೆ ಹಾರಿದರು. ಹುಡುಗನನ್ನು ತಂದು ಮರಳಿನ ಮೇಲೆ ಮಲಗಿಸಿದಾಗ ಅವನು ಕೆಮ್ಮಿ ನೀರು ಕಾರಿ ಅಳಲಾರಂಭಿಸಿದ. ಅಳು ಕೇಳಿ ನನಗೆ ಜೀವ ಬಂದಿತು.

ನಾನು ಆರಿಸಿದ ಜಾಗವೇ ಅಪಾಯದ ಜಾಗವಾಗಿತ್ತು. ಇದನ್ನು ಆಮೇಲೆ ಓದಿ ತಿಳಿದುಕೊಂಡೆ. ದಡಕ್ಕೆ ಬಂದ ಅಲೆಗಳ ನೀರು ಕಡಲಿಗೆ ಹಿಂದಿರುಗಲೇಬೇಕು. ಅದು ಮರಳಿನ ದಿಬ್ಬಗಳ ನಡುವಿನ ಆಳವಾದ ಕಾಲುವೆಯ ಮೂಲಕ ವೇಗವಾಗಿ ಹೊರಕ್ಕೆ ಹರಿಯುತ್ತದೆ. ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ. ಹಾಗಾಗಿ ತಿಳಿಯದವರ ಕಣ್ಣಿಗೆ ಅದೇ ಶಾಂತವಾಗಿ ಕಾಣುತ್ತದೆ. ಇಂಥ ಸೆಳೆತಕ್ಕೆ ಸಿಕ್ಕಿದವರು ದಡದತ್ತ ಎದುರೀಜು ಹೊಡೆದು ದಣಿದು ಮುಳುಗುತ್ತಾರೆ. ಗಾಬರಿಪಡದೆ ತೇಲುತ್ತಾ, ಕೈ ಎತ್ತಿ ನೆರವು ಕೇಳುತ್ತಾ, ಈಜು ಬಲ್ಲವರಾದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಪಕ್ಕಕ್ಕೆ ಬರಬೇಕು. ನೋಡುತ್ತಿರುವವರು ತಾವೂ ಹಾರದೆ ಹಗ್ಗ, ಟ್ಯೂಬು ಎಸೆಯಬೇಕು.

ಆ ಹುಡುಗನ ತಂದೆತಾಯಿಗಳಿಗೆ ನಾನು ಈ ವಿಷಯ ಹೇಳಲಿಲ್ಲ. ಮಕ್ಕಳಿಗೂ “ಊರಲ್ಲಿ ಹೇಳಬೇಡಿ” ಎಂದೆ. ಅದು ತಪ್ಪು. ನೀರಿಗಿಳಿಸಿದ್ದು ಅಜ್ಞಾನದ ತಪ್ಪು. ಮುಚ್ಚಿಟ್ಟದ್ದು ತಿಳಿದೇ ಮಾಡಿದ ತಪ್ಪು. ಆ ಹುಡುಗ ಈಗ ಎರಡು ಮಕ್ಕಳ ತಂದೆ. ಈ ಲೇಖನ ಬರೆಯುವ ಮೊದಲು ಅವನಿಗೆ ಫೋನ್ ಮಾಡಿ ಅನುಮತಿ ಕೇಳಿದೆ. “ಬರೀರಿ ಸಾರ್, ನಮ್ಮನೇಲಿ ಎಲ್ರಿಗೂ ಆವತ್ತೇ ಗೊತ್ತಿತ್ತು, ನಮ್ಮಮ್ಮ ನಿಮಗೆ ಬೇಜಾರಾಗ್ತದೆ ಅಂತ ಕೇಳಲಿಲ್ಲ” ಎಂದ. ನಾನು ಸ್ವಲ್ಪ ಹೊತ್ತು ಮಾತಾಡಲಾಗಲಿಲ್ಲ.

೨೦೨೪ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಕೋಲಾರವೂ ನಮ್ಮಂತೆಯೇ ನೀರಿಲ್ಲದ ಸೀಮೆ. ಮಲ್ಪೆಯಲ್ಲಿ ಆ ಹಿರಿಯರು ಬಲೆಯಿಂದ ತಲೆ ಎತ್ತದಿದ್ದರೆ ನಾನು ಏನಾಗಿರುತ್ತಿದ್ದೆ, ಆ ಹುಡುಗನ ಮನೆ ಏನಾಗಿರುತ್ತಿತ್ತು ಎಂಬುದು ನನಗೆ ಗೊತ್ತು.

ಈಚೆಗೆ ನನ್ನ ಶಿಷ್ಯೆಯೊಬ್ಬಳು, ಈಗ ತಾನೂ ಶಿಕ್ಷಕಿ, ಫೋನ್ ಮಾಡಿ ಮಕ್ಕಳನ್ನು ಕರಾವಳಿಗೆ ಕರೆದೊಯ್ಯುವ ಬಗೆಗೆ ಸಲಹೆ ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮಕ್ಕಳನ್ನು ಕಡಲಿಗೆ ಕರೆದುಕೊಂಡು ಹೋಗಿ, ಬಯಲುಸೀಮೆಯ ಮಕ್ಕಳು ಕಡಲು ನೋಡದೆ ಬೆಳೆಯಬಾರದು. ಆದರೆ ಹೊರಡುವ ಮೊದಲು ಹವಾಮಾನ ಇಲಾಖೆಯ ಆ ಜಿಲ್ಲೆಯ ಬಣ್ಣವನ್ನೂ, ಅಲೆಗಳ ಮುನ್ಸೂಚನೆಯನ್ನೂ ನೋಡಿ. ಆಕಾಶ ತಿಳಿಯಾಗಿದ್ದರೂ ದೂರದ ಬಿರುಗಾಳಿಯ ಅಲೆ ದಡಕ್ಕೆ ಬರಬಹುದು. ಮಳೆಗಾಲದಲ್ಲಿ ನೀರಿಗೆ ಇಳಿಯಲೇಬೇಡಿ. ಜೂನ್ ೧ರಿಂದ ಜುಲೈ ೩೧ರವರೆಗೆ ಯಂತ್ರದ ದೋಣಿಗಳೇ ಕಡಲಿಗಿಳಿಯುವಂತಿಲ್ಲ. ಜೀವರಕ್ಷಕರಿಲ್ಲದ ತೀರದಲ್ಲಿ, ಕೆಂಪು ಬಾವುಟವಿದ್ದಲ್ಲಿ, ಕತ್ತಲಾಗುವ ವೇಳೆ ಮಕ್ಕಳನ್ನು ಬಿಡಬೇಡಿ. ೧೧೨ ಮತ್ತು ಕರಾವಳಿ ಕಾವಲು ಪಡೆಯ ೧೫೫೪ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಮೊದಲು ಬಸ್ಸಿನಿಂದ ಇಳಿದ ಕೂಡಲೇ ಅಲ್ಲಿಯ ಮೀನುಗಾರರೊಬ್ಬರನ್ನು ಕೇಳಿ: “ಅಣ್ಣಾ, ಇವತ್ತು ನೀರು ಹೇಗಿದೆ?”

ನಮ್ಮ ತಾತ ರೇಡಿಯೋ ಕೇಳಿ ಪ್ರಶ್ನೆ ಹಾಕುತ್ತಿದ್ದರು. ನಾನು ಬಿ.ಎಡ್. ಮಾಡಿದ ಮೇಷ್ಟರು, ಆ ದಿನ ಯಾರನ್ನೂ ಕೇಳಲಿಲ್ಲ. ನೀವು ಕೇಳಿ.